ಸೋಮವಾರಕ್ಕೊಮ್ಮೆ ಹತ್ತುವ ಹಳದಿ ದೀಪ

ಫಜೀತಿಗಳು ನನ್ನನ್ನು ಹುಡುಕಿಕೊಂಡು ಬರುತ್ತವೋ, ನಾನೇ ಅವುಗಳ ಮನೆ ಕೇಳಿಕೊಂಡು ಹೋಗುತ್ತೇನೋ, ಐವತ್ತನಾಲ್ಕು ವರ್ಷವಾದರೂ ನನಗೆ ತಿಳಿದಿಲ್ಲ. ಒಂದು ಮುಗಿಯಿತು ಅನ್ನುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಹೋದ ವರ್ಷದ ಫಜೀತಿ ಮಾತ್ರ ಎಂಟು ತಿಂಗಳು ನಡೆಯಿತು. ಕೇಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ನಾನೂ ನಗುತ್ತೇನೆ. ನಕ್ಕಾದ ಮೇಲೆ ಸ್ವಲ್ಪ ಹೊತ್ತು ಯಾರ ಮುಖವನ್ನೂ ನೋಡಲು ಆಗುವುದಿಲ್ಲ.

ನಾನು ಜೇವರ್ಗಿಯಲ್ಲಿ ಪಶು ಆಸ್ಪತ್ರೆಯ ನೌಕರ. ದೊಡ್ಡ ಡಾಕ್ಟರು ಬೇರೆ ಇದ್ದಾರೆ. ಆದರೂ ಹಳ್ಳಿಗಳಲ್ಲಿ ನನ್ನನ್ನೇ ದನದ ಡಾಕ್ಟರ್ ಅನ್ನುತ್ತಾರೆ. ಬಸ್ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿ ಇಟ್ಟಿರುವ ನನ್ನ ಗೆಳೆಯರನ್ನು ಊರೆಲ್ಲ ಮೆಡಿಕಲ್ ಭಾಯಿ ಅನ್ನುತ್ತದೆ. ಹದಿನೆಂಟು ವರ್ಷ ಪ್ರತಿ ಸಂಜೆ ಅವರ ಅಂಗಡಿ ಮುಂದಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿದಿದ್ದೇನೆ. ಅವರೂ ಡಾಕ್ಟರಲ್ಲ, ನಾನೂ ಅಲ್ಲ. ಆದರೆ ರೋಗಗಳ ಬಗ್ಗೆ ನಾವಿಬ್ಬರು ಮಾತಾಡಿದಷ್ಟು ಯಾವ ಡಾಕ್ಟರೂ ಮಾತಾಡಿರಲಿಕ್ಕಿಲ್ಲ.

ಭಾಯಿಗೆ ಕಣ್ಣಿನ ಪೊರೆ ಬಂತು. ಗಾಡಿ ಓಡಿಸುವುದು ಬಿಟ್ಟರು. ಮನೆ ಮುಂದಿನ ಬೇವಿನ ಮರದ ಕೆಳಗೆ ಅವರ ಬಿಳಿ ಕಾರು ಸುಮ್ಮನೆ ನಿಂತಿತ್ತು. “ಡಾಕ್ಟರ್ ಸಾಬ್, ನೀವು ಮೋಟರ್ ಸೈಕಲ್ ಮ್ಯಾಲ ಬಿಸಲಾಗ ಹಳ್ಳಿ ಹಳ್ಳಿ ತಿರಗ್ತೀರಿ. ಇದನ್ನ ತೊಗೊಂಡು ಹೋಗ್ರಿ. ಹೊರಗಿನವ್ರಿಗೆ ಕೊಡಾಕ ನನಗ ಮನಸಿಲ್ಲ” ಅಂದರು. ಅವರು ಹೇಳಿದ ಬೆಲೆ ಕೊಟ್ಟು ತೆಗೆದುಕೊಂಡೆ. ಅದೊಂದು ಗುರುವಾರ.

ಎಮ್ಮೆಯೇ ನಡೆದು ಬಂತು

ಆ ಭಾನುವಾರವೇ ಕಾರನ್ನು ನಾನೇ ಕೈಯಾರೆ ತೊಳೆದು ಫಳಫಳ ಮಾಡಿದೆ. ಸೋಮವಾರ ನೆಲೋಗಿಯ ಕಡೆ ಒಬ್ಬ ರೈತನ ಎಮ್ಮೆ ಮೇವು ಬಿಟ್ಟಿದೆ ಎಂದು ಫೋನು ಬಂತು. ಹೊಸ ಮದುಮಗನ ಹಾಗೆ ಹೊರಟೆ. ಅರ್ಧ ದಾರಿಯಲ್ಲಿ ಸ್ಟೇರಿಂಗಿನ ಹಿಂದೆ ಪುಟ್ಟದೊಂದು ಹಳದಿ ದೀಪ ಹತ್ತಿತು. ಅದರೊಳಗೆ ಒಂದು ಚಿತ್ರ. ನನ್ನ ಕಣ್ಣಿಗೆ ಅದು ನಳದ ಹಾಗೆ ಕಂಡಿತು. ನೀರು ಕಡಿಮೆಯಾಗಿದೆಯೇನೋ ಎಂದು ಕಾರು ನಿಲ್ಲಿಸಿ ಬಾನೆಟ್ಟು ಎತ್ತಿದೆ. ನೀರು ಬರೋಬ್ಬರಿ ಇತ್ತು. ಮಗನಿಗೆ ಫೋನು ಹಚ್ಚಿದೆ. “ಅಪ್ಪಾ, ಅದು ನಳ ಅಲ್ಲ, ಇಂಜಿನ್ನು. ಇಂಜಿನ್ ಚೆಕ್ ಮಾಡಸ್ರಿ ಅಂತ ಹೇಳಾಕತ್ತದ” ಅಂದ.

ಇಂಜಿನ್ನು ಅಂದ ಕೂಡಲೇ ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡೆ. ಇನ್ನು ಒಂದು ಮಾರು ಓಡಿಸಿದರೂ ಸ್ಫೋಟವಾಗುತ್ತದೆ ಅನ್ನಿಸಿ, ಜಾಲಿಗಿಡದ ನೆರಳಲ್ಲಿ ಕಾರಿನಿಂದ ಹತ್ತು ಹೆಜ್ಜೆ ದೂರ ನಿಂತೆ. ರೈತನಿಗೆ ಫೋನು ಮಾಡಿ “ಗಾಡಿ ಕೆಟ್ಟದಪಾ, ಬರಾಕ ಆಗಂಗಿಲ್ಲ” ಅಂದೆ.

ಮುಕ್ಕಾಲು ಗಂಟೆಯ ಮೇಲೆ ನೋಡಿದರೆ ಆ ಮನುಷ್ಯ ಎಮ್ಮೆಯನ್ನೇ ಹೊಡೆದುಕೊಂಡು ರಸ್ತೆಗುಂಟ ಬರುತ್ತಿದ್ದಾನೆ. ಅಲ್ಲೇ ಎಮ್ಮೆಯ ಹೊಟ್ಟೆ ಮುಟ್ಟಿ ನೋಡಿದೆ, ಕಣ್ಣು ನೋಡಿದೆ, ಸೂಜಿ ಹಾಕಿದೆ, ಔಷಧಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅದು ರಸ್ತೆ ಬದಿಯ ಹುಲ್ಲಿಗೆ ಬಾಯಿ ಹಾಕಿತು. ರೈತನಿಗೆ ಆನಂದ. ನನ್ನ ಕಾರನ್ನೂ ಎಮ್ಮೆಯನ್ನೂ ಒಮ್ಮೆ ನೋಡಿ ಅಂದ:

“ಸಾಹೇಬ್ರ, ನಮ್ಮದು ಆರಾಮಾತು. ನಿಮ್ಮದನ್ನ ಇದಕ್ಕ ಕಟ್ಟಿ ಜೇವರ್ಗಿ ತನಕ ಎಳಸಲೇನ್ರಿ?”

ಆಕ್ಸಿಜನ್

ಕಾರು ಎಳೆಸುವ ಕೆಲಸ ಬೀಳಲಿಲ್ಲ. ಅದು ತನ್ನಷ್ಟಕ್ಕೆ ಚೆನ್ನಾಗಿಯೇ ಓಡುತ್ತಿತ್ತು, ದೀಪವೊಂದು ಹತ್ತಿತ್ತು ಅಷ್ಟೆ. ಜೇವರ್ಗಿಯ ಗ್ಯಾರೇಜಿನ ಮಿಸ್ತ್ರಿ ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಮಷೀನು ಚುಚ್ಚಿ, ಅದರ ಪರದೆ ಓದಿ ಹೇಳಿದ: “ಆಕ್ಸಿಜನ್ ಸೆನ್ಸರ್ ತಕರಾರು ಮಾಡಾಕತ್ತದ್ರಿ.”

“ಆಕ್ಸಿಜನ್ ಹಚ್ಚಬೇಕಾಗ್ತದೇನಪಾ? ನನ್ನ ಸರ್ವಿಸಿನಾಗ ಒಂದು ಎತ್ತಿಗೂ ಆಕ್ಸಿಜನ್ ಹಚ್ಚಿಲ್ಲ ನಾ.”

ಅವನು ನಗಲಿಲ್ಲ. ಮಷೀನಿನ ಗುಂಡಿ ಒತ್ತಿ ದೀಪ ಅಳಿಸಿದ. ವಾರ ನೆಮ್ಮದಿಯಿಂದ ಇದ್ದೆ. ಮುಂದಿನ ಸೋಮವಾರ ದೀಪ ಮತ್ತೆ ಹತ್ತಿತು. ಮತ್ತೆ ಅಳಿಸಿದ. ಮೂರನೆಯ ಸೋಮವಾರ ಮತ್ತೆ ಬಂತು. ಹೊಸ ಸೆನ್ಸರ್ ಹಾಕಿಸಿದೆ. ನಾಲ್ಕನೆಯ ಸೋಮವಾರ ಅದಕ್ಕೂ ಹಳೆಯ ಚಾಳಿ ಹತ್ತಿತು. ನಾನು ಮಿಸ್ತ್ರಿಯ ಕಡೆ ಹೋಗದಿದ್ದರೆ ಗುರುವಾರದ ಹೊತ್ತಿಗೆ ತಾನಾಗಿಯೇ ಆರಿಹೋಗುತ್ತಿತ್ತು. ಸೋಮವಾರ ಉಪವಾಸ ಮಾಡುವವರನ್ನು ನೋಡಿದ್ದೆ. ಸೋಮವಾರ ದೀಪ ಹಚ್ಚುವ ಕಾರನ್ನು ಅದೇ ಮೊದಲು ನೋಡಿದ್ದು.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದ. ಅವನಿಗೆ ಅದು ಬರೀ ಮಾತು.

“ಹಳೇ ಗಾಡಿ ಮಾರೋರು ಹಿಂಗs ಮಾಡ್ತಾರ್ರಿ. ಕೊಡೋ ದಿನ ಮಷೀನಿಂದ ದೀಪ ಅಳಿಸಿ ಕೊಟ್ಟುಬಿಡ್ತಾರ. ತೊಗೊಂಡವ್ರಿಗೆ ನಾಕು ದಿನ ಆದ ಮ್ಯಾಲ ಗೊತ್ತಾಗ್ತದ.”

ಲೆಕ್ಕ ಹಾಕಿದೆ. ಗುರುವಾರ ತಂದಿದ್ದೆ. ದೀಪ ಹತ್ತಿದ್ದು ಸೋಮವಾರ. ಸರಿಯಾಗಿ ನಾಲ್ಕು ದಿನ. ಹದಿನೆಂಟು ವರ್ಷದ ಚಹಾ ಆ ನಾಲ್ಕು ದಿನದ ಲೆಕ್ಕದ ಮುಂದೆ ನಿಲ್ಲಲಿಲ್ಲ. ಒಮ್ಮೆ ಹೋಗಿ “ಭಾಯಿ, ಹಿಂಗಾಗ್ಯಾದ” ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ: “ಭಾಯಿ ನನಗ ಟೋಪಿ ಹಾಕ್ಯಾರ.”

ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಅಂದಳು: “ಅವರು ಹಾಕಿಲ್ರಿ. ನೀವು ಎಲ್ಲಿ ಟೋಪಿ ಕಂಡರೂ ತಲಿ ಕೊಡ್ತೀರಿ. ಇವತ್ತು ಮಿಸ್ತ್ರಿ ಹಂತೇಕ ಕೊಟ್ಟು ಬಂದೀರಿ.”

ಬೋರ್ಡು ಓದಿದ್ದು

ಸಂಜೆಯ ಚಹಾ ನಿಂತಿತು. ಸಿಟ್ಟು ಮಾಡುವುದು ಸುಲಭ, ಸಣ್ಣ ಊರಿನಲ್ಲಿ ಅದನ್ನು ಸಾಗಿಸುವುದು ಕಷ್ಟ. ಆಸ್ಪತ್ರೆಗೆ ಹೋಗಲಿ, ಬ್ಯಾಂಕಿಗೆ ಹೋಗಲಿ, ಬಸ್ ಸ್ಟ್ಯಾಂಡ್ ದಾಟಲೇಬೇಕು. ದಾಟಿದರೆ ಭಾಯಿಯ ಅಂಗಡಿ ಎದುರಿಗೇ ಬರುತ್ತದೆ.

ಒಂದು ಮುಂಜಾನೆ ನಾನು ನಡೆದು ಬರುವಾಗ ಭಾಯಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ನನ್ನನ್ನು ಕಂಡು ಅರ್ಧ ಕೈ ಎತ್ತಿದರು. ಪೂರ್ತಿ ಎತ್ತಲಿಲ್ಲ, ಅರ್ಧಕ್ಕೇ ಇಳಿಸಿದರು. ನೋಡು, ಮನಸ್ಸಿನಲ್ಲಿ ಅಳುಕು ಇದ್ದವರ ಕೈ ಹೀಗೆ ಅರ್ಧಕ್ಕೇ ನಿಲ್ಲುತ್ತದೆ ಅಂದುಕೊಂಡು ನಾನು ಗಕ್ಕನೆ ಬೆನ್ನು ತಿರುಗಿಸಿ, ಎದುರಿಗಿದ್ದ ಒಂದು ಬೋರ್ಡನ್ನು ಓದತೊಡಗಿದೆ. ಭಾಯಿ ಒಳಗೆ ಹೋಗುವವರೆಗೆ ಓದಬೇಕಲ್ಲ! ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಸಮಯ, ರಜಾದಿನ ಎಲ್ಲ ಓದಿದೆ. ಕಣ್ಣು ಓದುತ್ತಿತ್ತು, ತಲೆಗೆ ಒಂದಕ್ಷರವೂ ಹೋಗುತ್ತಿರಲಿಲ್ಲ.

ನಮ್ಮ ಆಫೀಸಿನ ಕ್ಲಾರ್ಕ್ ಹಿಂದಿನಿಂದ ಬಂದು ಭುಜ ಮುಟ್ಟಿದ. ಮುಖದ ತುಂಬ ನಾಚಿಕೆ ತುಂಬಿದ ನಗು. ದನಿ ಇಳಿಸಿ ಕೇಳಿದ: “ಸರ್, ಮನ್ಯಾಗ ಏನರೆ ವಿಶೇಷ ಅದೇನ್ರಿ?”

ಆಗ ಬೋರ್ಡನ್ನು ಸರಿಯಾಗಿ ನೋಡಿದೆ. ಹೆರಿಗೆ ಆಸ್ಪತ್ರೆ.

ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ಇಬ್ಬರು ಪೇಢೆ ಕೇಳಿದರು. ನನ್ನ ಹೆಂಡತಿಯ ವಯಸ್ಸು ಐವತ್ತು.

ಕಪ್ಪು ಟೇಪು

ಅಫಜಲಪುರದಲ್ಲಿ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ, ಮಷೀನು ಗಿಷೀನು ಇಲ್ಲದೆ ಕಿವಿಯಿಂದಲೇ ರೋಗ ಹೇಳುತ್ತಾರೆ ಎಂದು ಯಾರೋ ಅಂದರು. ಅಲ್ಲಿಗೆ ಹೋದೆ. ಅವರು ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದರು. ನಾನು ಆಕಳ ಹೊಟ್ಟೆಗೆ ಕಿವಿ ಹಚ್ಚಿ ನಿಲ್ಲುವ ಹಾಗೆಯೇ ಇತ್ತು. ನನಗೆ ಭಕ್ತಿ ಹುಟ್ಟಿತು.

“ಇಂಜಿನ್ ಬಂಗಾರ ಆಗ್ಯಾದ. ನಿಮಗ ಆ ದೀಪದ್ದು ತ್ರಾಸು, ಹೌದಿಲ್ಲೋ?”

“ಹೌದ್ರಿ. ಅದನ್ನ ನೋಡಿದ್ರ ನನ್ನ ರಕ್ತ ಕುದೀತದ.”

“ಹಂಗಾದ್ರ ನೋಡಬ್ಯಾಡ್ರಿ” ಎಂದು ಅಗಲವಾದ ಕಪ್ಪು ಟೇಪು ಹರಿದು ಆ ಮೂಲೆಗೆ ಪಟ್ಟಿ ಹಾಕಿದರು.

ಎಷ್ಟು ಹಿತವೆನಿಸಿತು ಅಂದರೆ, ಈ ಬುದ್ಧಿ ನನಗೇಕೆ ಮೊದಲೇ ಹೊಳೆಯಲಿಲ್ಲ ಅಂದುಕೊಂಡೆ. ಎರಡು ವಾರ ರಾಜನ ಹಾಗೆ ತಿರುಗಿದೆ.

ಎರಡು ವಾರದ ಮೇಲೆ ಹೆಂಡತಿಯನ್ನು ಕರೆದುಕೊಂಡು ಅಫಜಲಪುರದ ಸಂತೆಗೆ ಹೋಗಿ ವಾಪಸು ಬರುತ್ತಿದ್ದೆ. ಭೀಮಾ ನದಿಯ ಸೇತುವೆ ದಾಟಿದ ಕೂಡಲೇ ಕಾರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಕೀಲಿ ತಿರುಗಿಸಿದರೆ ಬರೀ ಕುಯ್‌ಕುಯ್.

“ನೋಡಿದೇನು? ಇಂಜಿನ್ನೇ ಹೋತು. ಇದೆಲ್ಲಾ ಭಾಯಿಗೆ ಗೊತ್ತಿತ್ತು. ಗೊತ್ತಿದ್ದs ನನ್ನ ಕೊಳ್ಳಿಗೆ ಕಟ್ಟ್ಯಾರ” ಎಂದು ಶುರು ಮಾಡಿದೆ. ನಡುಮಧ್ಯಾಹ್ನದ ಬಿಸಿಲು. ಹೆಂಡತಿ ಬದನೆಕಾಯಿಯ ಚೀಲದ ಮೇಲೆ ನೆರಳು ಮಾಡಿಕೊಂಡು ಕೂತಳು. ಅಫಜಲಪುರದ ಮಿಸ್ತ್ರಿಗೆ ಫೋನು ಮಾಡಿ, ಅವರು ಮೋಟರ್ ಸೈಕಲ್ಲಿನ ಮೇಲೆ ಬರುವವರೆಗೂ ನಾನು ಗೆಳೆತನ, ನಂಬಿಕೆ, ದಗಾ ಇವುಗಳ ಮೇಲೆ ಭಾಷಣ ಮಾಡಿದೆ. ಕೇಳಲು ಅವಳೂ ಬದನೆಕಾಯಿಗಳೂ ಬಿಟ್ಟರೆ ಇನ್ಯಾರೂ ಇರಲಿಲ್ಲ.

ಮಿಸ್ತ್ರಿ ಬಂದರು. ಬಾನೆಟ್ಟು ಎತ್ತಲೇ ಇಲ್ಲ. ಒಳಗೆ ಕೂತು ಆ ಟೇಪನ್ನು ಸರ್ರನೆ ಕಿತ್ತರು. ಅದರ ಕೆಳಗೆ ಹಳದಿ ದೀಪದ ಮಗ್ಗುಲಲ್ಲೇ ಪೆಟ್ರೋಲಿನ ಮುಳ್ಳು ಇತ್ತು. ನೆಲಕ್ಕೆ ಅಡ್ಡ ಬಿದ್ದಿತ್ತು.

“ಅದನ್ನೊಂದು ಮುಚ್ಚೋದರಾಗ ಇದೂ ಮುಚ್ಚಿಹೋಗ್ಯಾದ್ರಿ” ಅಂದರು ಮಿಸ್ತ್ರಿ, ನೆಲ ನೋಡುತ್ತ.

ಹೆಂಡತಿ ಬದನೆಕಾಯಿಯ ಚೀಲದಿಂದ ಎದ್ದು ಸೀರೆ ಕೊಡವಿಕೊಂಡಳು.

“ಭಾಯಿ ಗಾಡಿ ಕೊಟ್ಟಾರ ಖರೆ. ಜೀವ ಇರೋತನಕ ಪೆಟ್ರೋಲೂ ಅವರೇ ಹಾಕಬೇಕಿತ್ತೇನ್ರಿ?”

ಲಗ್ನದ ದಿನ

ಇದನ್ನು ಹೇಳುವುದು ಕಷ್ಟ. ಆದರೂ ಹೇಳುತ್ತೇನೆ.

ಭಾಯಿಯ ದೊಡ್ಡ ಮಗಳ ಲಗ್ನ ಗೊತ್ತಾಯಿತು. ಆ ಹುಡುಗಿ ಸಣ್ಣವಳಿದ್ದಾಗ ಅಂಗಡಿಯಲ್ಲಿ ನನ್ನ ಸ್ಟೂಲಿನ ಪಕ್ಕ ಕೂತು ಮಗ್ಗಿ ಹೇಳುತ್ತಿದ್ದಳು. ಏಳರ ಮಗ್ಗಿ ತಪ್ಪಿದರೆ ನಾನೇ ತಿದ್ದುತ್ತಿದ್ದೆ. ಭಾಯಿ ತಾವೇ ಮನೆಗೆ ಬಂದು ಕಾರ್ಡು ಕೊಟ್ಟು ಹೋದರು. ನಾನು ಮನೆಯಲ್ಲಿರಲಿಲ್ಲ. ಹೆಂಡತಿ ಹೇಳಿದಳು: “ಒಳಗ ಬರ್ರಿ ಅಂದ್ರ ಬರಲಿಲ್ಲ. ಬಾಗಲದಾಗs ನಿಂತು ‘ಡಾಕ್ಟರ್ ಸಾಬ್ ಸಿಟ್ಟಿನ್ಯಾಗ ಅದಾರೇನ್ರಿ’ ಅಂತ ಕೇಳಿದ್ರು. ನಾ ಏನ್ ಹೇಳ್ಲಿ?”

ಲಗ್ನದ ದಿನ ಭಾನುವಾರ. ಮುಂಜಾನೆ ಅವಳು ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ನಾನು ಕಾರಿನ ಕೀಲಿ ತಿರುಗಿಸುತ್ತ ಅಂದೆ: “ಆಳಂದದಾಗ ಒಬ್ಬ ಛಲೋ ಮಿಸ್ತ್ರಿ ಅದಾನಂತ. ಇವತ್ತು ಹೋಗಿ ತೋರಿಸಿಕೊಂಡು ಬರೂಣು. ನಿಮ್ಮ ಅಕ್ಕನ್ನೂ ಮಾತಾಡಿಸಿದಂಗ ಆಗ್ತದ.”

ಅವಳು ನನ್ನನ್ನೇ ನೋಡಿದಳು. ಸೀರೆಯನ್ನು ಮಡಿಕೆ ತಪ್ಪದ ಹಾಗೆ ಮತ್ತೆ ಕಪಾಟಿನಲ್ಲಿಟ್ಟಳು. ಕಲಬುರಗಿ ದಾಟಿ ಆಳಂದ ಮುಟ್ಟುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತಳು. ಅಕ್ಕನ ಮನೆಯ ಮುಂದೆ ಇಳಿದು ಕಾರಿನ ಬಾಗಿಲನ್ನು ಧಡಾರನೆ ಹಾಕಿದಳು.

ಆಳಂದದ ಮಿಸ್ತ್ರಿ ನಲವತ್ತರ ಆಸುಪಾಸಿನ ಮನುಷ್ಯ. ಮಷೀನನ್ನೂ ತೆಗೆಯಲಿಲ್ಲ, ಕಿವಿಯನ್ನೂ ಹಚ್ಚಲಿಲ್ಲ. ನನ್ನನ್ನು ಕೂಡಿಸಿ ಕೇಳತೊಡಗಿದ.

“ಯಾವಾಗಿಂದ ಹತ್ತಾಕತ್ತದ್ರಿ?”

“ತಂದಾಗಿಂದ.”

“ದಿನಾ ಹತ್ತತದೋ, ನಡುನಡುವೋ?”

“ಸೋಮವಾರಕ್ಕೊಮ್ಮೆ. ಗುರುವಾರ ಆರ್ತದ.”

“ಭಾನುವಾರ ಏನ್ ಮಾಡ್ತೀರಿ ಗಾಡಿಗೆ?”

“ಏನೂ ಮಾಡಂಗಿಲ್ಲಪಾ. ಮೈ ತೊಳೀತೇನಿ.”

“ಹ್ಯಾಂಗ ತೊಳೀತೀರಿ?”

ಅಭಿಮಾನದಿಂದ ಹೇಳಿದೆ. ದನದ ಡಾಕ್ಟರಿಗೆ ಸ್ವಚ್ಛತೆ ಬಹಳ ಮುಖ್ಯ. ಬಾನೆಟ್ಟು ಎತ್ತಿ, ಮೋಟರಿಗೆ ಪೈಪು ಹಚ್ಚಿ, ಇಂಜಿನ್ನಿನ ಸಂದಿಗೊಂದಿಯನ್ನೆಲ್ಲ ಜೋರಾಗಿ ನೀರು ಬಿಟ್ಟು ತೊಳೆಯುತ್ತೇನೆ. ಒಂದು ವಾರವೂ ತಪ್ಪಿಸಿಲ್ಲ.

ಅವನು ಎದ್ದು, ಇಂಜಿನ್ನಿನ ಹಿಂದೆ ಕೈ ಹಾಕಿ, ಒಂದು ವೈರಿನ ಜೋಡಣೆಯನ್ನು ಬಿಚ್ಚಿ ಅಂಗೈ ಮೇಲೆ ಕೊಡವಿದ. ಎರಡು ಹನಿ ನೀರು ಬಿತ್ತು. ಜೋಡಣೆಯ ಮೇಲಿನ ರಬ್ಬರು ಸೀಳಿತ್ತು. ಭಾನುವಾರ ನೀರು ಒಳಗೆ ಹೋಗುತ್ತಿತ್ತು, ಸೋಮವಾರ ದೀಪ ಹತ್ತುತ್ತಿತ್ತು, ಬಿಸಿಲಿಗೆ ಓಡಾಡಿ ಗುರುವಾರದ ಹೊತ್ತಿಗೆ ಒಣಗುತ್ತಿತ್ತು. ಅಂದೂ ಭಾನುವಾರ, ಆಳಂದಕ್ಕೆ ಬರುವ ಮೊದಲು ಮುಂಜಾನೆಯೇ ತೊಳೆದಿದ್ದೆ. ಮಿಸ್ತ್ರಿಗೆ ತೋರಿಸುವಾಗ ಕಾರು ಚೊಕ್ಕ ಇರಬೇಕಲ್ಲ!

“ಮೊದಲು ಇದು ಯಾರ ಕಡೆ ಇತ್ತೋ ಅವರು ಒಂದು ದಿನಾನೂ ಒಳಗ ನೀರು ಹೊಡದಿಲ್ರಿ. ರಬ್ಬರ್ ಸೀಳಿದ್ರೂ ಅವ್ರಿಗೆ ಗೊತ್ತಾಗೋ ಕಾರಣ ಇರಲಿಲ್ಲ” ಅಂದ.

ಹಳ್ಳಿಯಲ್ಲಿ ಯಾವ ದನ ಬಿದ್ದರೂ ನಾನು ಮೊದಲು ಕೇಳುವುದು ಇದನ್ನೇ: ಯಾವಾಗಿಂದ, ಏನು ತಿಂದಿತು, ನಿನ್ನೆ ಏನಾಯಿತು. ಮೂವತ್ತು ವರ್ಷ ಕೇಳಿದ್ದೇನೆ. ನನ್ನ ಕಾರಿನ ಬಗ್ಗೆ ನನ್ನನ್ನೇ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಗಡಿಯಾರ ನೋಡಿದೆ, ಎರಡೂವರೆ. ಜೇವರ್ಗಿಯಲ್ಲಿ ಊಟ ನಡೆದಿರುತ್ತದೆ. ಈಗ ಹೊರಟರೂ ಹೋಗಿ ಮುಟ್ಟುವುದರೊಳಗೆ ಹುಡುಗಿಯನ್ನು ಕಳಿಸಿಕೊಟ್ಟಿರುತ್ತಾರೆ.

ಮಿಸ್ತ್ರಿ ಹೊಸ ರಬ್ಬರು ಹಾಕಿ ಬಾನೆಟ್ಟು ಮುಚ್ಚಿದ. ನನ್ನ ಕೆಲಸ ಏನೆಂದು ಮಾತಿನಲ್ಲಿ ತಿಳಿದುಕೊಂಡಿದ್ದ. ಬೀಳ್ಕೊಡುವಾಗ ಬಹಳ ಮರ್ಯಾದೆಯಿಂದ ಅಂದ:

“ಸಾಹೇಬ್ರ, ಇದು ಎಮ್ಮಿ ಅಲ್ರಿ. ವಾರಕ್ಕೊಮ್ಮೆ ಹೊಂಡಕ್ಕ ಬಿಡಬ್ಯಾಡ್ರಿ.”

ಜ್ಯಾಕು

ಎರಡು ಸೋಮವಾರ ದೀಪ ಹತ್ತಲಿಲ್ಲ. ಹತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಸಿಟ್ಟಿಗೆ ಒಂದು ನೆಪವಾದರೂ ಉಳಿಯುತ್ತಿತ್ತು. ಮೂರನೆಯ ಸೋಮವಾರ ಮುಂಜಾನೆ ಅಂಗಡಿ ತೆರೆಯುವ ಹೊತ್ತಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಭಾಯಿ ಒಬ್ಬರೇ ಇದ್ದರು. ನನ್ನನ್ನು ಕಂಡವರೇ ಗಬಕ್ಕನೆ ಕೌಂಟರಿನ ಕೆಳಗೆ ಕೂತುಬಿಟ್ಟರು. ನನ್ನ ಮುಖ ನೋಡುವುದೂ ಬೇಡವಾಗಿದೆ, ನ್ಯಾಯವೇ ಅಂದುಕೊಂಡೆ. ಕಾಣದ ಭಾಯಿಗೆ, ಕೌಂಟರಿನ ಗಾಜಿಗೆ ಕೈ ಮುಗಿದು ಶುರು ಮಾಡಿದೆ:

“ಭಾಯಿ, ನನ್ನದು ಬಹಳ ದೊಡ್ಡ ತಪ್ಪಾಗ್ಯಾದ್ರಿ…”

ಕೆಳಗಿನಿಂದ ಕಬ್ಬಿಣದ ಸಪ್ಪಳವಾಯಿತು. ಭಾಯಿ ಎದ್ದು ನಿಂತರು. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಭಾರವಾದ ಗಂಟು. ಕೌಂಟರಿನ ಮೇಲೆ ಧಪ್ಪನೆ ಇಟ್ಟರು. ಅವರ ಕಣ್ಣು ತುಂಬಿತ್ತು.

“ತಪ್ಪು ನಂದ್ರಿ ಡಾಕ್ಟರ್ ಸಾಬ್. ಎಂಟು ತಿಂಗಳಾತು ಇದು ಇಲ್ಲೇ ಅದ. ನಿಮ್ಮ ಮುಂದ ಬಂದು ಕೊಡಾಕ ಮಾರಿ ಇರಲಿಲ್ಲ.”

ಬಿಚ್ಚಿ ನೋಡಿದೆ. ಕಾರಿನ ಜ್ಯಾಕು, ಚಕ್ರ ಬಿಚ್ಚುವ ಪಾನಾ. ಕಾರು ಕೊಡುವ ದಿನ ಅವನ್ನು ಅವರ ತಮ್ಮ ಒಯ್ದಿದ್ದನಂತೆ. ಅವನು ತಂದುಕೊಟ್ಟ ಮೇಲೆ ನಾಳೆ ಕೊಟ್ಟರಾಯಿತು ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ನಾನು ಮಾತು ಬಿಟ್ಟೆ. ಡಾಕ್ಟರ್ ಸಾಬ್ ಡಿಕ್ಕಿ ತೆಗೆದು ನೋಡಿದ್ದಾರೆ, ಜ್ಯಾಕು ಮುಚ್ಚಿಟ್ಟುಕೊಂಡೆ ಅಂತ ಸಿಟ್ಟಾಗಿದ್ದಾರೆ ಎಂದು ಅವರು ತಿಳಿದರಂತೆ. ನಾನು ಎಂಟು ತಿಂಗಳಲ್ಲಿ ಒಂದು ದಿನವೂ ಡಿಕ್ಕಿಯ ಹಾಸು ಎತ್ತಿ ನೋಡಿರಲಿಲ್ಲ.

“ಲಗ್ನಕ್ಕರೆ ಬರ್ತೀರಿ ಅಂದುಕೊಂಡಿದ್ದೆ. ನಿಮ್ಮ ಮನಿಯವ್ರ ಸಲುವಾಗಿ ಬ್ಯಾರೆ ಒಲಿ ಹೂಡಿಸಿ, ಬ್ಯಾರೆ ಅಡಗಿಯವ್ರನ ಕರಸಿ ಶೇಂಗಾ ಹೋಳಿಗಿ ಮಾಡಿಸಿದ್ದೆ. ನಾಕು ಗಂಟೆ ತನಕ ಎರಡು ಎಲಿ ತೆಗದಿಟ್ಟಿದ್ದೆ. ಮಗಳು ಹೋಗೋ ಮುಂದ ‘ಅಬ್ಬಾ, ಕಾಕಾ ಒಂದು ಜ್ಯಾಕಿನ ಸಲುವಾಗಿ ಬರಲಿಲ್ಲೇನು’ ಅಂತ ಅತ್ತಳ್ರಿ.”

ಜೋಡಿಸಿಕೊಂಡು ಹೋದ ಮಾತು ಯಾವುದೂ ಇದಕ್ಕೆ ಹೊಂದಲಿಲ್ಲ. ನಿಜ ಹೇಳಬೇಕೆಂದರೆ ಏನು ಹೇಳಬೇಕಿತ್ತು? ‘ಭಾಯಿ, ಜ್ಯಾಕಿಗಲ್ಲ, ನಿಮ್ಮನ್ನು ಮೋಸಗಾರ ಅಂದುಕೊಂಡು ಮಾತು ಬಿಟ್ಟೆ’ ಎಂದೇ? ಆ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

“ಹೌದ್ರಿ ಭಾಯಿ. ಜ್ಯಾಕಿನದs ಸಿಟ್ಟಿತ್ತು. ಸಣ್ಣ ಬುದ್ಧಿ. ಮನ್ನಿಸಿಬಿಡ್ರಿ” ಅಂದೆ.

ಭಾಯಿ ಹೊರಗೆ ಬಂದು ನನ್ನನ್ನು ಅಪ್ಪಿಕೊಂಡರು. ಎರಡು ಚಹಾ ಹೇಳಿದರು. ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿ ಅಂದಳು: “ಅಂದ್ರ ನೀವು ಅವರನ್ನ ಕಳ್ಳ ಅಂದಿದ್ದು ಯಾರಿಗೂ ಗೊತ್ತಾಗಲಿಲ್ಲ. ನೀವು ಜಿಪುಣ ಅನ್ನೋದು ಮಾತ್ರ ಊರಿಗೆಲ್ಲಾ ಗೊತ್ತಾಗ್ತದ. ಇರ್ಲಿ ಬಿಡ್ರಿ, ಲೆಕ್ಕ ಸಮ ಆತು.”

ಅವಳು ಅಂದ ಹಾಗೆಯೇ ಆಯಿತು. ಭಾಯಿಯ ಬಾಯಿಂದ ಅಲ್ಲ, ಅವರ ಮನೆಯ ಹೆಣ್ಣುಮಕ್ಕಳಿಂದ ಸುದ್ದಿ ಹಬ್ಬಿ, ಈಗ ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಟಾಯರು ಪಂಚರಾದರೆ “ಡಾಕ್ಟರ್‌ನ್ನ ಕೇಳ್ರಿ, ಅವರ ಹಂತೇಕ ಜ್ಯಾಕು ಯಾವಾಗ್ಲೂ ಇರ್ತದ” ಅನ್ನುತ್ತಾರೆ. ಯಾರಾದರೂ ಕೇಳಿದರೆ ಕೊಡುತ್ತೇನೆ.

ಎರಡು ವಾರದ ಮೇಲೆ ಮಗಳೂ ಅಳಿಯನೂ ತವರಿಗೆ ಬಂದಾಗ ಭಾಯಿ ನಮ್ಮಿಬ್ಬರನ್ನು ಊಟಕ್ಕೆ ಕರೆದರು. ಹೆಂಡತಿ ರೇಷ್ಮೆ ಸೀರೆ ಉಟ್ಟಳು. ಭಾಯಿ ಮತ್ತೆ ಶೇಂಗಾ ಹೋಳಿಗೆ ಮಾಡಿಸಿದ್ದರು. ಲಗ್ನದಲ್ಲಿ ಕೊಡಬೇಕಾಗಿದ್ದ ಉಡುಗೊರೆಯನ್ನು ಹುಡುಗಿಯ ಕೈಗಿಟ್ಟೆ. ಕಣ್ಣೆತ್ತಿ ನೋಡಲಾಗಲಿಲ್ಲ. ಭಾಯಿ ನನ್ನನ್ನು ಪರಿಚಯ ಮಾಡಿಸುವ ಮೊದಲೇ ಅಳಿಯ ನಕ್ಕು ಎದ್ದು ನಿಂತ: “ಗೊತ್ತದ್ರಿ, ಗೊತ್ತದ. ಜ್ಯಾಕ್ ಕಾಕಾ ಅಲ್ಲೇನ್ರಿ?”

ಎಲ್ಲರೂ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಹುಡುಗಿ ಮಾತ್ರ ನಗದೆ, ಏಳರ ಮಗ್ಗಿ ಹೇಳುವ ಕಾಲದ ಅದೇ ಗಂಭೀರ ಮುಖದಲ್ಲಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿ ಅಂದಳು:

“ಕಾಕಾ, ಉಂಡು ಆದ ಮ್ಯಾಲ ಗಾಡಿ ಹಂತೇಕ ಹೋಗಿ ಸ್ಟೆಪ್ನಿ, ಕೀಲಿ, ಕಾಲಾಗಿನ ಮ್ಯಾಟು ಎಲ್ಲಾ ಬರೋಬ್ಬರಿ ಅದಾವೋ ಇಲ್ಲೋ ಈಗs ನೋಡಿಕೊಂಡುಬಿಡ್ರಿ. ಬರೋ ವರ್ಷ ತಂಗಿ ಲಗ್ನ ಅದ.”